ಮಿಯಾವಾಳ ಒಲೆ

ಕಣ್ಣು ಕಟ್ಟಿ ಬಿಟ್ಟರೂ ನನ್ನಕ್ಕ ಸೆಂತೆವಾ ತೆನೊಚ್ಟಿಟ್ಲಾನಿನ ಯಾವ ಕಾಲುವೆಯಿಂದಲಾದರೂ ಮನೆ ಸೇರುತ್ತಿದ್ದಳು. ಕೆರೆಯ ನಡುವಿನ ಊರು ನಮ್ಮದು, ಮನೆಗೆ ಗುರುತೆಂದರೆ ನೀರಿನ ತಿರುವು. ದೋಣಿಗೆ ಮೆಣಸಿನಕಾಯಿ ಹೇರಿಕೊಂಡು ಸಂತೆಗೆ ಹೊರಟಾಗ, ಹುಟ್ಟು ಹಾಕುವ ನನಗೆ ದಾರಿಯುದ್ದಕ್ಕೂ ಬೈಗುಳ. ಅವಳ ಬಾಯಿಗೆ ಹೆದರಿ ಬಾತುಕೋಳಿಗಳೂ ಪಕ್ಕಕ್ಕೆ ಸರಿಯುತ್ತಿದ್ದವು.

ಮಗಳು ಮಿಯಾವಾ ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಒಲೆಯ ಪಕ್ಕ ಹೂತಳು. ಹೆಣ್ಣು ಎಲ್ಲಿ ಹೋದರೂ ಆ ಒಲೆಗೇ ಮರಳುತ್ತಾಳೆಂದು ನಮ್ಮವರ ನಂಬಿಕೆ.

ಆಮೇಲೆ ಕಡಲಾಚೆಯವರು ಮುತ್ತಿಗೆ ಹಾಕಿದರು. ಮನೆಗಳನ್ನು ಕೆಡವಿ, ಅದೇ ಕಲ್ಲುಮಣ್ಣು ಸುರಿದು ಕಾಲುವೆಗಳನ್ನು ಮುಚ್ಚಿದರು, ಅವರ ಮನೆ ಹಾಳಾಗ. ಹಸಿದು ಸೋತು ಊರಿಗೆ ಊರೇ ಕೆರೆ ದಾಟುವ ಉತ್ತರದ ಕಟ್ಟೆದಾರಿ ಹಿಡಿದಾಗ, ಆ ನೂಕುನುಗ್ಗಲಿನಲ್ಲಿ ಏಳು ವರ್ಷದ ಮಿಯಾವಾಳ ಕೈ ಅಕ್ಕನ ಕೈಯಿಂದ ಜಾರಿತು. ಮತ್ತೆ ಸಿಗಲಿಲ್ಲ.

ಊರಿಗೆ ಮರಳಲು ಬಿಟ್ಟ ದಿನದಿಂದ ಅಕ್ಕನಿಗೆ ಒಂದೇ ಹಟ. ಆ ಒಲೆ ಹುಡುಕಬೇಕು, ಮಗಳು ಬಂದಾಗ ಅದು ಉರಿಯುತ್ತಿರಬೇಕು. ನೀರೇ ಇಲ್ಲದ ಮೇಲೆ ತಿರುವು ಎಲ್ಲಿಂದ ಬರಬೇಕು? ಹೊಸ ಬೀದಿಗಳಲ್ಲಿ ಎರಡು ವರ್ಷ ಅಲೆದೆವು. ಅವಳು ಕಡ್ಡಿಯಾಗಿದ್ದಳು, ನನಗೂ ರೇಗಿಹೋಗಿತ್ತು. ಒಂದು ದಿನ ಯಾರದೋ ಮನೆ ತೋರಿಸಿ, ಇದೇ ಜಾಗ ಅಂದುಬಿಟ್ಟೆ.

ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಅಂದಿನಿಂದ ಪ್ರತಿ ಸಂತೆಗೂ ಆ ಮನೆಗೆ ಒಂದು ಹೊರೆ ಸೌದೆ ಕೊಡುತ್ತಿದ್ದಳು, ಹುಡುಗಿ ಬಂದರೆ ಬಿಸಿ ರೊಟ್ಟಿ ಕೊಡಿ ಎಂದು ಆ ಮನೆಯ ಹೆಂಗಸಿಗೆ ಹೇಳಿ ಬರುತ್ತಿದ್ದಳು. ನನ್ನನ್ನು ಬೈಯುವುದನ್ನೇ ಬಿಟ್ಟಳು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಎಂಟು ವರ್ಷದ ಮೇಲೆ ಮೈತುಂಬ ಗುಳ್ಳೆ ಎದ್ದು ಮಲಗಿದಳು. ತಡೆಯಲಾರದೆ ಅವಳ ಕಾಲು ಹಿಡಿದು ಸುಳ್ಳನ್ನು ಒಪ್ಪಿಕೊಂಡೆ.

“ಗೊತ್ತು ಕಣೋ,” ಅಂದಳು. “ಸುಳ್ಳು ಹೇಳೋವಾಗ ನೀನು ಮೂಗು ಕೆರ್ಕೋತೀಯ, ಚಿಕ್ಕಂದಿನಿಂದ.”

“ಮತ್ಯಾಕಕ್ಕ ಅಲ್ಲಿಗೆ ಸೌದೆ ಹೊತ್ತೆ?”

“ಅವಳಿಗೂ ದಾರಿ ಗೊತ್ತಾಗಲ್ವಲ್ಲೋ. ಎಲ್ಲೋ ಯಾರದೋ ಒಲೆ ಮುಂದೆ ಹೋಗಿ ನಿಂತಿರ್ತಾಳೆ. ಆ ಮನೆಯವ್ರು ಬಾ ಮಗಾ ಅಂದ್ರೆ ಸಾಕು.”

ಅಕ್ಕ ಹೋಗಿ ಆರು ವರ್ಷವಾಯಿತು. ಸೌದೆಯನ್ನು ಈಗ ನಾನು ಹೊರುತ್ತೇನೆ. ಆ ಮನೆಯ ಹೆಂಗಸು ಇಂದಿಗೂ ಒಂದು ರೊಟ್ಟಿ ಹೆಚ್ಚಿಗೆ ಸುಡುತ್ತಾಳೆ. ನಾನು ಹೋದ ದಿನ ಅದನ್ನು ನನಗೇ ಕೊಡುತ್ತಾಳೆ.