ಅಕ್ಕನ ಕೈಗೆ ನಾನು ತಂದ ಗುಳಿಗೆ

ನಮ್ಮ ಬಿಲ್ಡಿಂಗಿನ ಕೆಳಗೆ ಮೊದಲು ಝೆರಾಕ್ಸ್ ಅಂಗಡಿ ಇದ್ದ ಜಾಗಕ್ಕೆ ಈಗ ಮೈಕೈ ನೋವಿಗೆ ಚಿಕಿತ್ಸೆ ಕೊಡುವವರು ಬಂದಿದ್ದಾರೆ. ಗಾಜಿನ ಬಾಗಿಲು, ಒಳಗೆ ಬಿದಿರಿನ ಪರದೆ. ಮೊನ್ನೆ ಹಾಲು ತರಲು ಇಳಿದಾಗ ಆ ಬಾಗಿಲಿನ ಸಂದಿಯಿಂದ ಹೊಗೆ ಬಂದು ಮೂಗಿಗೆ ಬಡಿಯಿತು. ಒಣ ಸೊಪ್ಪನ್ನು ಹಸಿ ಗೋಣಿಚೀಲದಲ್ಲಿ ಸುತ್ತಿ ಸುಟ್ಟಂಥ ವಾಸನೆ. ಹಾಲಿನ ಚೀಲ ಹಿಡಿದುಕೊಂಡೇ ಲಿಫ್ಟಿನ ಪಕ್ಕದ ಗೋಡೆಗೆ ಒರಗಿ ನಿಂತೆ. ವಾಚ್‌ಮನ್ ಎದ್ದು ಬಂದು, "ಅಂಕಲ್, ತಬಿಯತ್ ಠೀಕ್ ಹೈ ನಾ?" ಎಂದ. ತಲೆಯಾಡಿಸಿ ಮೇಲೆ ಬಂದೆ. ಆ ಹೊಗೆಯಲ್ಲಿ ಕೆಟ್ಟದ್ದೇನೂ ಇಲ್ಲವೆಂದು ನನಗೆ ಗೊತ್ತು. ಹೇಸಿಗೆ ಬಂದದ್ದು ಅದರ ಜೊತೆಗೆ ನೆನಪಾದ ನನ್ನ ಮೇಲೆಯೇ.

ಈ ಟವರ್ ಏಳುವ ಮೊದಲು ಇಲ್ಲೇ, ಚೆಂಬೂರಿನ ಇದೇ ಜಾಗದಲ್ಲಿ, ನಮ್ಮ ಚಾಳ್ ಇತ್ತು, ಉದ್ದ ಗ್ಯಾಲರಿಗೆ ಸಾಲಾಗಿ ಒಂದೇ ಕೋಣೆಯ ಖೋಲಿಗಳು. ನನ್ನ ಖೋಲಿಗೆ ತಾಗಿಕೊಂಡಿದ್ದ ಖೋಲಿ ಅಕ್ಕನದು. ರಕ್ತ ಹಂಚಿಕೊಂಡ ಅಕ್ಕ ಅಲ್ಲ. ಅವರು ವಿಜಯಪುರದ ಕಡೆಯವರು, ನಾನು ಧಾರವಾಡದ ಕಡೆಯವನು. ಗಂಡ ರಿಫೈನರಿಯಲ್ಲಿ ದುಡಿದು ತೀರಿಕೊಂಡಿದ್ದರು, ಒಬ್ಬಳೇ ಮಗಳು ಪುಣೆಯಲ್ಲಿ ಸಂಸಾರ ಹೂಡಿದ್ದಳು. ಅಕ್ಕ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಜನರಿಗೆ ಕೊಟ್ಟು ಜೀವನ ಮಾಡುತ್ತಿದ್ದರು. ಮಗಳು ಎಷ್ಟು ಕರೆದರೂ, "ಕೈಯಾಗ ಶಕ್ತಿ ಇರೂತನಕ ಅಳಿಯನ ಮನ್ಯಾಗ ಕುಂತು ಉಣ್ಣಾಂಗಿಲ್ಲ" ಎನ್ನುತ್ತಿದ್ದರು. ಬೆಳಗಾದರೆ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು, ಅದೇ ನನ್ನ ಗಡಿಯಾರ. ನನಗೆ ಹೆಂಡತಿ ಇರಲಿಲ್ಲ, ಮದುವೆಯೇ ಆಗಿರಲಿಲ್ಲ. ಎರಡು ಹೊತ್ತೂ ಅಕ್ಕನ ರೊಟ್ಟಿಯೇ. ಅಂಚು ಸ್ವಲ್ಪ ಒಡೆದಿರುತ್ತಿತ್ತು, ಮೇಲೆ ಬೆರಳುಗಳ ಗುರುತು ಸಣ್ಣ ಅಲೆಗಳ ಹಾಗೆ ಕಾಣುತ್ತಿತ್ತು…

ಆ ಬೆರಳುಗಳಿಗೇ ಸಂಧಿವಾತ ಬಂತು. ಗೆಣ್ಣುಗಳು ಬಾತು, ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಪರೇಲಿನ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮ್ಯಾಟ್ರಿಕ್ ತನಕ ಓದಿದವನು, ನಾಲ್ಕು ಇಂಗ್ಲಿಷ್ ಮಾತು ಬರುತ್ತಿತ್ತು. ಡಾಕ್ಟರ ಮುಂದೆ ಅಕ್ಕನ ಬಾಯಿ ನಾನೇ ಆದೆ. ಡಾಕ್ಟರು ಮಾತ್ರೆ ಕೊಟ್ಟರು. ನಿಧಾನಕ್ಕೆ ಹಿಡಿತಕ್ಕೆ ಬರುತ್ತದೆ, ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದರು. ಚೀನಾ ಪದ್ಧತಿಯ ಸೂಜಿ ಚಿಕಿತ್ಸೆ ಮಾಡಿಸಬಹುದೇ ಎಂದು ಕೇಳಿದಾಗ ಅವರು ಸಿಟ್ಟಾಗಲಿಲ್ಲ. "ಮಾಡಿಸಿ. ನನ್ನ ಮಾತ್ರೆ ನಿಲ್ಲಿಸಬೇಡಿ. ಬೇರೆ ಏನು ಹೊಟ್ಟೆಗೆ ಹೋದರೂ ನನಗೆ ಹೇಳಿ" ಎಂದರು. ಇಷ್ಟೇ ಅವರು ಕೇಳಿದ್ದು.

ಸೂಜಿ ಹಾಕುವ ಹೆಂಗಸು ವಿಲೆ ಪಾರ್ಲೆಯಲ್ಲಿದ್ದರು, ಮರಾಠಿಯವರು, ಎಲ್ಲರೂ ಅವರನ್ನು 'ಬಾಯಿ' ಎಂದೇ ಕರೆಯುತ್ತಿದ್ದರು. ಕುರ್ಲಾದಲ್ಲಿ ಒಮ್ಮೆ, ದಾದರಿನಲ್ಲಿ ಒಮ್ಮೆ ಲೋಕಲ್ ರೈಲು ಬದಲಿಸಿ ಹೋಗುತ್ತಿದ್ದೆವು. ಅವರು ಅಕ್ಕನ ಕೈಗೆ ಕೂದಲಿನಷ್ಟು ಸಣ್ಣ ಸೂಜಿ ಚುಚ್ಚಿ, ಒಣ ಸೊಪ್ಪಿನ ಬತ್ತಿ ಹೊತ್ತಿಸಿ ಗೆಣ್ಣುಗಳ ಹತ್ತಿರ ಹಿಡಿದು ಕಾವು ಕೊಡುತ್ತಿದ್ದರು. ಮೊದಲ ದಿನ ಆ ಹೊಗೆಗೆ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕರು.

"ಜ್ವಾಳಕ್ಕ ಹುಳಾ ಬಿದ್ರ ನಮ್ಮೂರಾಗ ಹಿಂಗ ಹೊಗಿ ಹಾಕ್ತಿದ್ವಿ, ತಮ್ಮಾ. ನಾನೂ ಹುಳಾ ಬಿದ್ದ ಚೀಲ ಆದ್ನೇನು?"

"ಹುಳಾ ಹೋದ್ರ ಸಾಕಲ್ಲರಿ ಅಕ್ಕಾರ, ಚೀಲ ಗಟ್ಟಿ ಐತಿ" ಎಂದೆ.

ಸ್ವಲ್ಪ ಹಿತವಾಗುತ್ತಿತ್ತು. ಎರಡು ದಿನ ಕೈ ಹಗುರ ಎನ್ನುತ್ತಿದ್ದರು, ಆಮೇಲೆ ಮತ್ತೆ ಬಿಗಿ. ಆ ಬಾಯಿಯೂ ಬೇರುಸಹಿತ ಗುಣ ಮಾಡುತ್ತೇನೆ ಎಂದು ಒಂದು ದಿನವೂ ಹೇಳಲಿಲ್ಲ. ಆದರೆ ರೊಟ್ಟಿ ಬಡಿಯುವ ಸದ್ದು ನಿಂತೇ ಹೋಗಿತ್ತು. ನಾನು ಬೇಕರಿಯ ಪಾವ್ ತಿನ್ನುತ್ತಿದ್ದೆ. ಇಲ್ಲಿ ನಿಜ ಹೇಳಬೇಕು. ಅಕ್ಕನ ನೋವು ನೋಡಿ ನನಗೆ ಸಂಕಟವಾಗುತ್ತಿತ್ತು, ಆದರೆ ಪಾವ್ ಗಂಟಲಲ್ಲಿ ಇಳಿಯದಾಗ ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು. ಅವರ ಕೈ ಬೇಗ ನೆಟ್ಟಗಾಗಲಿ ಎಂದು ನಾನು ಬಯಸಿದ್ದು ನನ್ನ ನಾಲಿಗೆಗಾಗಿ. ಬರೆಯುವಾಗಲೂ ಅಸಹ್ಯವಾಗುತ್ತದೆ.

ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಒಂದು ಅಂಗಡಿಯಲ್ಲಿ ನಾನು ಆಗ ಸೇಲ್ಸ್‌ಮನ್. ಚೀನಾದ ಟಾರ್ಚು, ಛತ್ರಿ, ಥರ್ಮಾಸು ಮಾರುತ್ತಿದ್ದೆವು. ಚಾಳಿನಲ್ಲಿ ಯಾರಿಗೆ ಏನು ಬೇಕಾದರೂ ನನಗೆ ಹೇಳುವರು. ಸಂಜೆ ಗ್ಯಾಲರಿಯಲ್ಲಿ ಚೀಲ ಬಿಚ್ಚಿ, "ಇಂಪೋರ್ಟೆಡ್ ಐತಿ" ಎಂದರೆ ಮುಗಿಯಿತು, ಯಾರೂ ಮತ್ತೆ ಕೇಳುತ್ತಿರಲಿಲ್ಲ. ಅದು ನನ್ನ ದೊಡ್ಡಸ್ತಿಕೆ. ಪಕ್ಕದ ಅಂಗಡಿಗೆ ಸಂಧಿವಾತದ ಕರಿ ಗುಳಿಗೆಗಳು ಬರುತ್ತಿದ್ದವು. ಡಬ್ಬಿಯ ತುಂಬ ಚೀನೀ ಅಕ್ಷರ, ಮೇಲೆ ಒಂದು ಕೊಕ್ಕರೆಯ ಚಿತ್ರ. ಒಳಗೆ ಏನಿದೆಯೆಂದು ಓದಲು ಮಾರುವವನಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಮುಚ್ಚಳ ತೆಗೆದರೆ ಡಾಂಬರಿನ ಹಾಗೆ ನಾರುತ್ತಿತ್ತು. ಛತ್ರಿ ತಂದಷ್ಟೇ ಸಲೀಸಾಗಿ ಅದನ್ನೂ ತಂದು ಅಕ್ಕನ ಕೈಗೆ ಕೊಟ್ಟೆ.

"ಡಾಕ್ಟರಿಗೆ ಹೇಳೂನೇನು?" ಎಂದು ಅಕ್ಕ ಕೇಳಿದರು.

"ಬ್ಯಾಡ್ರಿ. ಹೇಳಿದ್ರ ಬೈತಾರ. ಅವರ ಗುಳಿಗಿ ಅವರಿಗೆ, ಇದು ನಮಗ."

ವಾರ ಕಳೆಯುವಷ್ಟರಲ್ಲಿ ಗೋಡೆಯ ಆಚೆಯಿಂದ ಸದ್ದು ಕೇಳಿಸಿತು. ನಾನು ಹಾಸಿಗೆಯಲ್ಲೇ ಎದ್ದು ಕುಳಿತೆ. ಅಕ್ಕ ರೊಟ್ಟಿ ಬಡಿಯುತ್ತಿದ್ದರು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ತಂದುಕೊಟ್ಟು, ಬಾಗಿಲಲ್ಲಿ ನಿಂತು ಎರಡೂ ಕೈ ಮುಷ್ಟಿ ಮಾಡಿ, ಬಿಚ್ಚಿ ತೋರಿಸಿದರು. "ನೋಡಲ್ಲಾ, ಹುಡುಗಿ ಕೈ ಆಗ್ಯಾವ" ಎಂದರು. ಚಾಳಿನವರೆಲ್ಲ ನನ್ನನ್ನು ಹೊಗಳಿದರು. ತಿಂಗಳುಗಳು ಹೋದ ಹಾಗೆ ಅಕ್ಕನ ಮುಖ ದುಂಡಗಾಯಿತು. ಮುಖದಲ್ಲಿ ಕಳೆ ಬಂತು ಎಂದು ಜನ ಅಂದರು. ನಾನೂ ಅಂದೆ.

ಪರೇಲಿನ ಡಾಕ್ಟರಿಗೆ ಬಹಳ ಸಂತೋಷವಾಯಿತು. "ವಾ ಮಾವಶಿ, ಕೈ ಚೆನ್ನಾಗಿ ಮಡಚುತ್ತಿದೆಯಲ್ಲ" ಎಂದು ಹಿಂದಿಯಲ್ಲಿ ಹೇಳಿ, ಬೇರೆ ಯಾವ ಔಷಧವನ್ನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದರು. ಬಾಯಿ ತೆರೆದಿದ್ದರು ಕೂಡ. ಅವರಿಗಿಂತ ಮೊದಲು ನಾನೇ, "ನೋ ಡಾಕ್ಟರ್, ನಥಿಂಗ್" ಎಂದೆ. ತಮ್ಮ ಮಾತ್ರೆಯೇ ಕೆಲಸ ಮಾಡಿತೆಂದುಕೊಂಡ ಅವರು ಅದನ್ನು ಕಡಿಮೆ ಮಾಡಿ ಬರೆದರು. ಹೊರಗೆ ಬಂದು ನಾವಿಬ್ಬರೂ ಚಹಾ ಕುಡಿದೆವು. ನಾನು ಏನೋ ಗೆದ್ದವನ ಹಾಗೆ ಬಿಸ್ಕತ್ತು ಅದ್ದಿಕೊಂಡು ತಿಂದೆ…

ಗುರುತು ಹಿಡಿದದ್ದು ಪಾರ್ಲೆಯ ಬಾಯಿ. ಅಕ್ಕ ಒಳಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ ನನ್ನನ್ನು ಹೊರಗೆ ಕರೆದರು. ಇವರ ಮುಖ ಬಾತಿದೆ, ಚರ್ಮ ತೆಳ್ಳಗಾಗಿದೆ, ಮುಟ್ಟಿದರೆ ಕಂದುತ್ತದೆ, ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ಆ ಕಣ್ಣುಗಳ ಮುಂದೆ ಸುಳ್ಳು ಬರಲಿಲ್ಲ. ಅಕ್ಕನಿಗೆಂದು ಕೊಂಡಿದ್ದ ಹೊಸ ಡಬ್ಬಿಯನ್ನು ಜೇಬಿನಿಂದ ತೆಗೆದು ತೋರಿಸಿದೆ. ಅವರು ಮೂಗು ಸಿಂಡರಿಸಿ ಅದನ್ನು ಮೇಜಿನ ಮೇಲೆ ಇಟ್ಟರು.

"ನಮ್ಮ ವಿದ್ಯೆಯ ಹೆಸರಿನಲ್ಲಿ ಇಂಥದ್ದು ಮಾರುತ್ತಾರೆ. ಇದರಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು. ನಾಳೆಯೇ ಡಬ್ಬಿಯ ಸಮೇತ ಪರೇಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನೀವೇ ಥಟ್ಟನೆ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ ಬರುತ್ತದೆ" ಎಂದರು. ಸ್ವಚ್ಛವಾದ ಹಿಂದಿ, ಅರ್ಥವಾಗಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಲೋಕಲ್‌ನಲ್ಲಿ ಅಕ್ಕ ಕೇಳಿದರು: "ಏನಂದ್ರೋ ಬಾಯಿ?"

"ಏನಿಲ್ಲರಿ, ಮುಂದಿನ ವಾರದ ಟೈಮ್ ಹೇಳಿದ್ರು."

ಡಾಕ್ಟರ ಹತ್ತಿರ ಹೋದರೆ ನನ್ನ "ನಥಿಂಗ್" ಬಯಲಾಗುತ್ತಿತ್ತು. ಆ ಮನುಷ್ಯ ಅಕ್ಕನ ಎದುರಿಗೆ ನನ್ನನ್ನು ಹೇಗೆ ನೋಡುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಹಾಗಾಗಿ, ಯಾವುದನ್ನು ಮಾಡಬೇಡ ಎಂದಿದ್ದರೋ ಅದನ್ನೇ ಮಾಡಿದೆ. ಅಕ್ಕನ ಹತ್ತಿರವಿದ್ದ ಡಬ್ಬಿಯನ್ನೂ, ಹಳತಾಗಿದೆ, ಬದಲಿಸಿ ತರುತ್ತೇನೆಂದು ಈಸಿಕೊಂಡು ಹೋಗಿ, ಎರಡನ್ನೂ ಮಾರ್ಕೆಟ್ಟಿನ ಕಸದ ರಾಶಿಗೆ ಎಸೆದೆ. ಸಂಜೆ ಬಂದು, "ಸ್ಟಾಕ್ ಖಾಲಿ ಆಗೇತ್ರಿ, ಅಕ್ಕಾರ" ಎಂದೆ. "ಇರಲಿ ಬಿಡು, ನೀ ಎಷ್ಟಂತ ಓಡಾಡ್ತಿ" ಎಂದರು. ಪಾರ್ಲೆಗೂ ಮತ್ತೆ ಕರೆದುಕೊಂಡು ಹೋಗಲಿಲ್ಲ.

ಆಮೇಲಿನದನ್ನು ಹೆಚ್ಚು ಬರೆಯಲಾರೆ. ಕೆಲವೇ ದಿನಗಳಲ್ಲಿ ಅಕ್ಕನಿಗೆ ವಾಂತಿ ಶುರುವಾಯಿತು, ಎದ್ದು ನಿಂತರೆ ಕಣ್ಣು ಕತ್ತಲೆ. ಒಂದು ಮಧ್ಯಾಹ್ನ ಗ್ಯಾಲರಿಯ ನಲ್ಲಿಯ ಹತ್ತಿರ ಕುಸಿದು ಬಿದ್ದರು. ಟ್ಯಾಕ್ಸಿಯಲ್ಲಿ ಪರೇಲಿಗೆ ಒಯ್ದೆವು. ವಾರ್ಡಿನಲ್ಲಿ ಅದೇ ಡಾಕ್ಟರು ಬಂದು, ಬಾಗಿ, ಈ ಸಲ ನನ್ನನ್ನು ಬಿಟ್ಟು ಅಕ್ಕನನ್ನೇ ಕೇಳಿದರು: ಬೇರೆ ಏನಾದರೂ ತೆಗೆದುಕೊಂಡಿರಾ, ಮಾವಶಿ?

ಅಕ್ಕ ತಲೆ ಹೊರಳಿಸಿ ನನ್ನನ್ನು ನೋಡಿದರು. ಆಮೇಲೆ, ಬಂದಷ್ಟು ಹಿಂದಿಯಲ್ಲಿ, "ಕುಛ್ ನಹೀ ಲಿಯಾ, ಸಾಬ್" ಎಂದರು.

ನನ್ನ ಸುಳ್ಳನ್ನು ಕಾಯಲು ಆ ಹೆಂಗಸು ಅಂಥ ಹೊತ್ತಿನಲ್ಲೂ… ನಾನು ಕಾರಿಡಾರಿನ ತನಕ ಡಾಕ್ಟರ ಹಿಂದೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನರ್ಸನ್ನು ಕೂಗಿ ಯಾವುದೋ ಇಂಜೆಕ್ಷನ್ ಹೇಳಿ, ಬೇಸಿನ್ನಿನಲ್ಲಿ ಕೈ ತೊಳೆದುಕೊಂಡು, "ಅವತ್ತೇ ಹೇಳಬಹುದಿತ್ತು" ಎಂದಷ್ಟೇ ಹೇಳಿ ಹೋದರು.

ಅಕ್ಕ ಬದುಕಿದರು. ಆದರೆ ಸಂಧಿವಾತ ತಡೆದಿಟ್ಟ ನೀರು ನುಗ್ಗಿದ ಹಾಗೆ ತಿರುಗಿ ಬಂತು, ಬೆರಳುಗಳು ಒಂದು ಕಡೆಗೆ ವಾಲಿಕೊಂಡು ಹಾಗೆಯೇ ನಿಂತವು. ಕರಿ ಗುಳಿಗೆ ಕೆಟ್ಟದ್ದೆಂದು ಡಾಕ್ಟರು ಅವರಿಗೆ ತಿಳಿಸಿದರು. ಮಗಳು ನನ್ನ ಜೊತೆ ಮಾತು ಬಿಟ್ಟಳು, ಅದು ಸರಿಯೇ. ಅಕ್ಕ ಮಾತ್ರ ಅವಳನ್ನೇ ಗದರಿದರು: "ಅವಗೇನ್ ಗೊತ್ತಿತ್ತವ್ವಾ? ಛಲೋದಾಗ್ಲಿ ಅಂತ ತಂದಾನ." ನನಗೆ ಗೊತ್ತಿತ್ತು ಎಂಬುದು, ಪಾರ್ಲೆಯ ಬಾಯಿ ನನಗೆ ಹೇಳಿದ್ದರು ಎಂಬುದು, ಅವರಿಗೆ ಗೊತ್ತಾಗಲೇ ಇಲ್ಲ. ಅಲ್ಲೇ ನಿಂತಿದ್ದೆ.

ಪುಣೆಗೆ ಹೊರಟ ದಿನ ಅಕ್ಕನ ಹಿಟ್ಟಿನ ಡಬ್ಬಿಗಳನ್ನು ಮಗಳು ಚಾಳಿನವರಿಗೆ ಹಂಚಿದಳು. ಟ್ಯಾಕ್ಸಿ ಹತ್ತುವಾಗ ಅಕ್ಕ ತಮ್ಮ ವಾಲಿದ ಬೆರಳುಗಳಿಂದ ನನ್ನ ಮೊಣಕೈ ಮುಟ್ಟಿದರು. ಹಿಡಿಯಲು ಆಗುತ್ತಿರಲಿಲ್ಲ.

"ಇನ್ನ ನೀ ರೊಟ್ಟಿ ಎಲ್ಲಿ ಉಣ್ತಿ, ತಮ್ಮಾ?"

ನಾನು ಟ್ಯಾಕ್ಸಿಯ ಬಾಗಿಲು ಮುಚ್ಚಿದೆ. ಅಳಿಯನ ಮನೆಯಲ್ಲಿ, ಬೇರೆಯವರು ಕಲಸಿಕೊಟ್ಟ ಅನ್ನ ತಿಂದು ಕೆಲವು ವರ್ಷ ಇದ್ದು ಅಕ್ಕ ಹೋದರು. ಸುದ್ದಿ ಬಂದಾಗ ಮಣ್ಣು ಆಗಿಹೋಗಿತ್ತು.

ಈಗ ನನ್ನ ಗೆಣ್ಣುಗಳೂ ಬಾತಿವೆ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಔಷಧವನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಸುರಿಯುತ್ತೇನೆ. ಮುಲಾಮು, ಕೆಮ್ಮಿನ ಗುಳಿಗೆ, ತ್ರಿಫಲದ ಡಬ್ಬಿ, ಎಲ್ಲ. ಎಳೆಯ ವಯಸ್ಸಿನ ಡಾಕ್ಟರಮ್ಮ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಇವತ್ತು ಅಂಗಡಿಯಿಂದ ಜೋಳದ ರೊಟ್ಟಿ ತಂದಿದ್ದೆ. ಯಂತ್ರದಲ್ಲಿ ಒತ್ತಿದ್ದು, ಅಂಚು ಒಡೆದಿಲ್ಲ, ಬೆರಳಿನ ಗುರುತಿಲ್ಲ. ಮುರಿದು ಬಾಯಿಗೆ ಇಡುವಷ್ಟರಲ್ಲಿ ಕೆಳಗಿನಿಂದ ಆ ಹೊಗೆ ಬಂತು. ಕಿಟಕಿ ಮುಚ್ಚಿದೆ. ವಾಸನೆ ಹೋಗಲಿಲ್ಲ. ತುತ್ತನ್ನು ತಿರುಗಿ ತಟ್ಟೆಯಲ್ಲಿಟ್ಟೆ… ಎಲ್ಲಿ ಉಣ್ಣುತ್ತೀ ಎಂದು ಅಕ್ಕ ಕೇಳಿದ್ದರು. ಮೊದಲು ಪಾರ್ಲೆಯ ಬಾಯಿ ಹೇಳಿದ್ದನ್ನು ಅವರಿಗೆ ಹೇಳಿ, ಆಮೇಲೆ ಅದಕ್ಕೆ ಉತ್ತರ ಕೊಡೋಣವೆಂದರೆ, ಗೋಡೆಯ ಆಚೆ ಈಗ ಯಾರೂ ಇಲ್ಲ.