ಮೊಮ್ಮಗ ಜೈಲಿನಲ್ಲಿರಲಿ ಎಂದು ಬೇಡಿಕೊಂಡ ದಿನಗಳು

ಕೋರ್ಟಿನ ಪಟ್ಟಿಯಲ್ಲಿ ಮೊಮ್ಮಗನ ಹೆಸರು ಕಂಡಿತೆಂದು ಸಜ್ಜಿಗೆ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದ ಅಜ್ಜಿ ಲೋಕದಲ್ಲಿ ನಾನೊಬ್ಬಳೇ ಇರಬೇಕು ಎಂದು ಮಕ್ಕಳು ನಗುತ್ತಾರೆ. ನಗಲಿ. ಇದನ್ನು ಬರೆಯುವಾಗಲೂ ನನಗೆ ಸಂತೋಷ ಉಕ್ಕಿ ಬರುತ್ತದೆ. ಆದರೆ ಆ ಮೂರು ದಿನದ ಸುಸ್ತು ಮಾತ್ರ ಇನ್ನೂ ಮೈಬಿಟ್ಟು ಹೋಗಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಆಗ ನಾನು ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ಕಿರಿಯ ಮಗಳ ಮನೆಯಲ್ಲಿದ್ದೆ. ಅವಳು ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಮೂರು ವರ್ಷದ ಮಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಗ ಇರುವುದು ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿ. ಮೈಸೂರಿನಲ್ಲಿರುವ ಹಿರಿಯ ಮಗಳ ಒಬ್ಬನೇ ಮಗ ಅಡಿಲೇಡ್‌ನಲ್ಲಿ ಓದುತ್ತಿದ್ದ. ಮೂರು ಊರಿನ ಗಡಿಯಾರ ಮೂರು ಥರ. ಒಂದೇ ದೇಶದಲ್ಲಿದ್ದೂ ನನಗೆ ತಿಂಡಿಯ ಹೊತ್ತಾದರೆ ಮಗನಿಗೆ ಊಟದ ಹೊತ್ತು ಹತ್ತಿರವಾಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಮಗ ಫೋನ್ ಮಾಡಿದ. ಹುಡುಗ ರಜೆಯಲ್ಲಿ ಕಿತ್ತಳೆ ಕೀಳುವ ಕೆಲಸಕ್ಕೆಂದು ಅಡಿಲೇಡ್‌ನಿಂದ ದೂರದ ನದಿ ದಂಡೆಯ ತೋಟಕ್ಕೆ ಹೋಗಿದ್ದ. ಶನಿವಾರ ವಾಪಸು ಬರಬೇಕಿತ್ತು, ಬಂದಿಲ್ಲ. ಫೋನೂ ಸತ್ತಿದೆ. ಅವನ ಕಾರು ನದಿಯ ಪಕ್ಕದ ರಸ್ತೆಯಲ್ಲಿ ಖಾಲಿ ನಿಂತಿತ್ತು ಎಂದು ತೋಟದವರೊಬ್ಬರು ಹೇಳಿದರಂತೆ. ಅಲ್ಲೊಂದು ಪೊಲೀಸ್ ವ್ಯಾನು ಇದ್ದ ಹಾಗಿತ್ತು ಎಂದು ಇನ್ನೊಬ್ಬರು.

"ಅಮ್ಮ, ಅಕ್ಕಂಗೆ ಮಾತ್ರ ಏನೂ ಹೇಳ್ಬೇಡ. ಭಾವಂಗೂ ಬೇಡ, ಅವ್ರ ಮುಖ ನೋಡಿದ್ರೇ ಅವಳಿಗೆ ಗೊತ್ತಾಗ್ಬಿಡುತ್ತೆ," ಎಂದ ಮಗ. ಹಿರಿಯ ಮಗಳಿಗೆ ಹೃದಯದ ಆಪರೇಷನ್ ಆಗಿ ತಿಂಗಳೂ ತುಂಬಿರಲಿಲ್ಲ.

ಆದರೆ ಅವಳು ದಿನಾ ನನಗೆ ಫೋನ್ ಮಾಡುವವಳು. "ಅಮ್ಮ, ನನ್ನ ಮಗ ಫೋನೇ ಎತ್ತಲ್ವಲ್ಲ, ನಿನಗೇನಾದ್ರೂ ಮಾಡಿದ್ನಾ?"

"ತೋಟದಲ್ಲಿ ಸಿಗ್ನಲ್ ಸಿಗಲ್ವಂತೆ ಕಣೆ. ನೀನು ಮಾತ್ರೆ ತಗೊಂಡ್ಯಾ?"

ಸುಳ್ಳು ಹೇಳುವುದು ಇಷ್ಟು ಸುಸ್ತಿನ ಕೆಲಸವೆಂದು ಗೊತ್ತಿರಲಿಲ್ಲ. ಫೋನಿಟ್ಟ ಮೇಲೆ ಗೋಡೆ ಹಿಡಿದುಕೊಂಡು ಕೂರುತ್ತಿದ್ದೆ.

ಮಗ ಆ ಕಡೆಯ ಆಸ್ಪತ್ರೆಗಳಲ್ಲೆಲ್ಲ ವಿಚಾರಿಸಿದ, ಆ ಹೆಸರಿನವರು ಇಲ್ಲ. ಪೊಲೀಸರನ್ನು ಕೇಳಿದ. ಯಾರನ್ನು ಹಿಡಿದಿದ್ದೇವೆ ಎಂದು ಫೋನಿನಲ್ಲಿ ಹೇಳುವ ಹಾಗಿಲ್ಲ ಎಂದರು. ಕಾಣೆಯಾಗಿದ್ದಾನೆ ಎಂದು ದೂರು ಕೊಟ್ಟ. ಹುಡುಕುತ್ತೇವೆ, ಆದರೆ ನೀವು ಕೊಟ್ಟ ಹೆಸರಿನವರು ನಮ್ಮ ದಾಖಲೆಯಲ್ಲಿ ಕಾಣುತ್ತಿಲ್ಲ ಎಂದರು.

"ಜೈಲಿನವ್ರ ಪಟ್ಟಿ ಅಂತ ಇರಲ್ವೇನೋ? ಬೋರ್ಡಿಗೆ ಹಾಕಲ್ವಾ?" ಎಂದು ಕೇಳಿದೆ.

"ಅಮೆರಿಕದ ಹಳ್ಳಿಗಳಲ್ಲಿ ಫೋಟೋ ಸಮೇತ ಹಾಕ್ತಾರಂತೆ. ಇಲ್ಲಿ ಹಂಗಿಲ್ಲಮ್ಮ. ಕೋರ್ಟಿಗೆ ಕರ್ಕೊಂಡ್ ಬಂದ್ರೆ ಮಾತ್ರ ಆ ದಿನದ ಪಟ್ಟೀಲಿ ಹೆಸರು ಬರುತ್ತೆ. ಅದನ್ನ ಯಾರು ಬೇಕಾದ್ರೂ ನೋಡ್ಬಹುದು. ಆದ್ರೆ ಸರ್‌ನೇಮ್ ಹಾಕಿ ಹುಡುಕ್ಬೇಕು."

ಸೋಮವಾರ ಮಗ, ಕಿರಿಯ ಮಗಳು ಇಬ್ಬರೂ ಹುಡುಗನ ಅಪ್ಪನ ಹೆಸರು ಹಾಕಿ ನೋಡಿದರು, ಇಲ್ಲ. ಹುಡುಗನ ಹೆಸರನ್ನೇ ಹಾಕಿದರು, ಇಲ್ಲ. ಅಡಿಲೇಡ್‌ನಲ್ಲಿ ಅವನ ರೂಮಿನಲ್ಲಿದ್ದವನು ಬಂದು ಎರಡು ವಾರವಾಗಿತ್ತಷ್ಟೇ. "ಅಂಕಲ್, ನಾವೆಲ್ಲ ಅವನನ್ನ ಮಚ್ಚಾ ಅಂತಾನೇ ಕರೆಯೋದು, ಪೂರ್ತಿ ಹೆಸರು ನೋಡಿಲ್ಲ," ಎಂದನಂತೆ.

ಆ ದಿನ ನಾನು ದೇವರ ಮುಂದೆ ನಿಂತು ಬೇಡಿಕೊಂಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪಾ, ಅವನು ಜೈಲಿನಲ್ಲಿರಲಿ. ಕಳ್ಳನಾದರೂ ಆಗಲಿ, ಕುಡುಕನಾದರೂ ಆಗಲಿ. ನದಿಯಲ್ಲಿ ಮಾತ್ರ ಬೇಡ. ದೀಪಕ್ಕೆ ಎಣ್ಣೆ ಹಾಕುವಾಗ ಅರ್ಧ ಕೆಳಗೆ ಚೆಲ್ಲಿತು. ಒರೆಸುವ ಶಕ್ತಿಯೂ ಇರಲಿಲ್ಲ. ಮೊಮ್ಮಗಳು ತನ್ನ ಕರ್ಚೀಫು ತಂದು, "ಅಜ್ಜಿ ಸ್ಯಾಡ್?" ಎನ್ನುತ್ತ ನೆಲ ಒರೆಸಿದಳು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಕಿರಿಯ ಮಗಳು, ಮೊಮ್ಮಗಳು ವಾರಕ್ಕೆರಡು ದಿನ ಹೋಗುವ ಚೈಲ್ಡ್‌ಕೇರಿನ ಡಬ್ಬಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಮಗು ಹಟ ಹಿಡಿಯಿತು. ಅಜ್ಜಿಯ ಕಾಫಿ ಲೋಟಕ್ಕೂ ಚೀಟಿ ಬೇಕು.

"ಆಯ್ತು ಪುಟ್ಟಿ. ಅಮ್ಮ, ನಿನ್ನ ಇನಿಷಿಯಲ್ಲೂ ಬರೀಲಾ?"

"ನಂದೇನೇ ಇನಿಷಿಯಲ್ಲು, ನಿಮ್ಮದೇ. ನಮ್ಮೂರಿನ ಹೆಸರು ಬರಿ," ಎಂದೆ. ಹೇಳಿದ್ದೇ ತಡ, ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ಹುಡುಗನನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದು ನಾನು. ಆಗ ಹಿರಿಯ ಮಗಳಿಗೆ ಜ್ವರ, ಅಳಿಯಂದಿರಿಗೆ ರಜೆ ಸಿಕ್ಕಿರಲಿಲ್ಲ. ಹೆಡ್‌ಮಾಸ್ಟರು ಪೆನ್ನು ಹಿಡಿದು, ಹುಡುಗನ ಇನಿಷಿಯಲ್ಲಿಗೆ ಊರು ಯಾವುದು ಹಾಕಲಿ ಎಂದರು. ಅಪ್ಪನ ಊರು ಹೇಳಬೇಕಿತ್ತು. ನಮ್ಮಲ್ಲಿ ಮಗಳ ಮಗನಿಗೆ ತಾಯಿಯ ತವರೂರನ್ನು ಯಾರು ಇಡುತ್ತಾರೆ? ಆದರೆ ನನ್ನ ಮಕ್ಕಳು ಮೂವರನ್ನೂ ಸೇರಿಸುವಾಗ ಹೇಳಿ ಹೇಳಿ ಅಭ್ಯಾಸವಾಗಿದ್ದ ನಮ್ಮೂರಿನ ಹೆಸರೇ ಬಾಯಿಗೆ ಬಂತು. ಶಾಲೆಯ ರಿಜಿಸ್ಟರಿನಲ್ಲಿ ಹಾಗೇ ಕೂತಿತು, ಪಾಸ್‌ಪೋರ್ಟಿಗೂ ಅದೇ ಸರ್‌ನೇಮ್ ಆಗಿ ಹೋಗಿರಬೇಕು. ಬೀಗರು ಒಂದು ಯುಗಾದಿಗೆ ನಮ್ಮ ಮನೆಗೆ ಬರಲಿಲ್ಲ. ಅಳಿಯಂದಿರು ಒಳ್ಳೆಯವರು, ಹೋಗಲಿ ಬಿಡಿ ಅತ್ತೆ ಎಂದಿದ್ದರು. ನಾಚಿಕೆಗೆ ನಾನು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮಿಕ್ಕಿಬ್ಬರು ಮಕ್ಕಳಿಗೆ ಅದು ತಿಳಿದೇ ಇರಲಿಲ್ಲ.

"ನಮ್ಮೂರಿನ ಹೆಸರು ಹಾಕಿ ಹುಡುಕೇ," ಎಂದೆ.

"ಅದು ನಮ್ಮ ಹೆಸರಲ್ವಾ ಅಮ್ಮ? ಅವನಿಗ್ಯಾಕಿರುತ್ತೆ?"

"ಹಾಕೇ ತಾಯಿ, ಆಮೇಲೆ ಬಯ್ಯುವಿಯಂತೆ!"

ಹಾಕಿದಳು. ಫೋನಿನ ಬೆಳಕು ಅವಳ ಮುಖದ ಮೇಲಿತ್ತು. "ಅಮ್ಮಾ..." ಎಂದವಳು ಅಳತೊಡಗಿದಳು. ಆಮೇಲೆ ಓದಿದಳು. ಮೊದಲು ನಮ್ಮೂರಿನ ಹೆಸರು, ಆಮೇಲೆ ಅವನ ಅಪ್ಪನ ಹೆಸರು, ಕೊನೆಗೆ ಅವನದು. ಈ ದಿನ, ಹತ್ತು ಗಂಟೆಗೆ, ನದಿಯ ಪಕ್ಕದ ಆ ಪುಟ್ಟ ಊರಿನ ಕೋರ್ಟು. ದಿನಕ್ಕೆ ಎರಡು ಸಲ ಬಸ್ಸು ಬರುವ ನಮ್ಮ ಊರಿನ ಹೆಸರು ಅಲ್ಲಿ ಪಟ್ಟಿಯಲ್ಲಿ ನಿಂತಿತ್ತು.

"ಬದುಕಿದ್ದಾನೆ ಕಣೆ, ಜೈಲಲ್ಲಿದ್ದಾನೆ!" ಎಂದು ನಾನು ಕೂಗಿಕೊಂಡೆ. ಮೊಮ್ಮಗಳು ಏನೂ ತಿಳಿಯದೆ "ಯೇ!" ಎಂದು ಕುಣಿದಳು. ಅವಳ ಕೈ ಹಿಡಿದು ನಾನೂ ಎರಡು ಸುತ್ತು ಹಾಕಿದೆ, ಈ ಮೊಣಕಾಲಿಟ್ಟುಕೊಂಡು!

ಕೋರ್ಟಿನ ಊರಿನಲ್ಲಿ ಆಗ ಎಂಟೂವರೆ. ಕೋರ್ಟಿನ ಬಾಗಿಲು ತೆರೆದದ್ದೇ ಮಗ ಫೋನ್ ಮಾಡಿ, ಅಲ್ಲಿ ಆರೋಪಿಗಳ ಪರ ಪುಕ್ಕಟೆ ವಾದಿಸುವ ವಕೀಲರೊಬ್ಬರನ್ನು ಹಿಡಿದು, ಅವನ ಕಡೆಯವರು ನಾವಿದ್ದೇವೆ ಎಂದು ತಿಳಿಸಿದ. ಆ ಮೇಲಿನ ಮೂರು ಗಂಟೆ ನಾನು ಏನು ಮಾಡಿದೆನೋ ನೆನಪಿಲ್ಲ. ಒಂದು ಕೆಜಿ ಬೀನ್ಸ್ ಹೆಚ್ಚಿದ್ದೆನಂತೆ.

ಮಧ್ಯಾಹ್ನ ವಕೀಲರ ಫೋನಿನಿಂದಲೇ ಹುಡುಗ, ರಜೆ ಹಾಕಿ ಮನೆಯಲ್ಲೇ ಇದ್ದ ಕಿರಿಯ ಮಗಳ ಫೋನಿಗೆ ಮಾಡಿ ನನ್ನ ಹತ್ತಿರ ಮಾತಾಡಿದ. ಜಾಮೀನು ಸಿಕ್ಕಿತ್ತು. ಹಿಂದೊಮ್ಮೆ ಜೋರಾಗಿ ಕಾರು ಓಡಿಸಿದ್ದಕ್ಕೆ ಕೋರ್ಟಿನಿಂದ ಬಂದ ಕಾಗದ ಅವನ ಹಳೆಯ ರೂಮಿಗೆ ಹೋಗಿತ್ತು. ಇವನು ಹಾಜರಾಗಲಿಲ್ಲ. ಶನಿವಾರ ಪೊಲೀಸರು ಕಾರು ನಿಲ್ಲಿಸಿ ನೋಡಿದಾಗ ವಾರೆಂಟು ಇತ್ತು, ಹಿಡಿದರು.

"ಫೋನ್ ಮಾಡಕ್ಕೆ ಬಿಟ್ಟಿರ್ಲಿಲ್ವೇನೋ?"

"ಬಿಟ್ಟಿದ್ರು ಅಜ್ಜಿ. ಯಾರ ನಂಬರೂ ಬಾಯಲ್ಲಿಲ್ಲ, ಎಲ್ಲ ಆ ಸತ್ತ ಫೋನಲ್ಲೇ ಇತ್ತು. ಅಮ್ಮನ ನಂಬರ್ ಒಂದೇ ಗೊತ್ತಿದ್ದಿದ್ದು. ಅಮ್ಮಂಗೆ ಹೆಂಗೆ ಮಾಡ್ಲಿ, ಹೇಳು?"

ಅವನೂ ಅವಳಿಗಾಗಿಯೇ ಬಾಯಿ ಮುಚ್ಚಿಕೊಂಡಿದ್ದ. ನನಗೆ ಬಯ್ಯಲು ಆಗಲಿಲ್ಲ.

"ಅಜ್ಜಿ, ಇನ್ನೊಂದು ವಿಷ್ಯ. ಕೋರ್ಟಲ್ಲಿ ಜಡ್ಜಮ್ಮ ನನ್ನನ್ನ ನಿಮ್ಮೂರಿನ ಹೆಸರಿಡಿದೇ ಕರೆದ್ರು, ಮಿಸ್ಟರ್ ಅಂತ ಸೇರ್ಸಿ. ಯಾರಪ್ಪಾ ಇದು ಅಂತ ಹಿಂದೆ ತಿರುಗಿ ನೋಡಿದೆ!"

ನಕ್ಕೆ. ಮೂರು ದಿನದ್ದೆಲ್ಲ ಸೇರಿಸಿ ನಕ್ಕೆ. ಕಣ್ಣೊರೆಸಿಕೊಳ್ಳುವ ಹೊತ್ತಿಗೆ ನನ್ನ ಫೋನಿನಲ್ಲಿ ಮೈಸೂರಿನ ಕರೆ ಬರುತ್ತಿತ್ತು.

"ನಿಮ್ಮಮ್ಮ ಕಣೋ," ಎಂದೆ. "ನನ್ನ ಕೈಲಿ ಇನ್ನು ಸುಳ್ಳು ಹೇಳಕ್ಕಾಗಲ್ಲ. ಮೊದ್ಲು ಊಟ ಮಾಡಿದೆ ಅನ್ನು, ಆಮೇಲೆ ಮಿಕ್ಕಿದ್ದು ಹೇಳು."

ಎರಡು ಫೋನನ್ನೂ ಎದುರುಬದುರು ಹಿಡಿದು ನಿಂತೆ. ಅವನು "ಅಮ್ಮಾ" ಎಂದ. ಅವಳು "ಕಂದಾ" ಎಂದಳು. ನನ್ನ ಕೈ ನೋಯುತ್ತಿತ್ತು. ಆದರೂ ಇಳಿಸಲಿಲ್ಲ.