ತಗಡಿನ ಛಾವಣಿಯ ಬೆಳಕಿನ ಚುಕ್ಕಿಗಳು

“ಎಲ್ಲ ಕಿಟಕಿಗೂ ಕಂಬಳಿ ಕಟ್ಟಿ ಒಳಗೆ ಕೂತುಕೊಳ್ಳಿ, ಬಹೂಜೀ,” ಎಂದು ಗಂಗೆಯ ಘಾಟಿನಿಂದ ಬಂದಿದ್ದ ದೋಣಿ ರಿಪೇರಿಯ ಮುದುಕರು ಹೊರಗಿನಿಂದ ಕೂಗಿದರು. ಸಾರನಾಥದ ನಮ್ಮ ಹಿತ್ತಲಲ್ಲಿ ಆಗ ಮಟಮಟ ಮಧ್ಯಾಹ್ನ. ಅಲ್ಲಿ ನಿಂತಿದ್ದ, ಕಾರಿಗೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಹಳೇ ಕ್ಯಾರವಾನನ್ನು ನನ್ನ ಯಜಮಾನರು ಮಗಳ ಜೊತೆ ಎರಡು ವರ್ಷದಿಂದ ಸರಿಮಾಡುತ್ತಿದ್ದರು. ಸೋರುವ ಛಾವಣಿಯೊಂದು ಮಾತ್ರ ಅವರಿಗೆ ಬಗ್ಗಲೇ ಇಲ್ಲ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈ ಮುದುಕರು ಸರಿಮಾಡಿದ ಮೇಲೂ ಸೋರಿದರೆ ಗಾಡಿಯನ್ನು ಗುಜರಿಗೆ ಕೊಟ್ಟುಬಿಡುವುದೆಂದು ನಾನು ನಿರ್ಧರಿಸಿದ್ದೆ.

ಮಗಳೂ ನಾನೂ ಒಳಗೆ ಕೂತು ಬಾಗಿಲು ಹಾಕಿಕೊಂಡೆವು. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ, ತುಕ್ಕು ತಿಂದ ತಗಡಿನಲ್ಲಿ ಒಂದು ಬೆಳಕಿನ ಚುಕ್ಕಿ ಕಂಡಿತು. ಆಮೇಲೆ ಇನ್ನೊಂದು. ನೋಡನೋಡುತ್ತ ತಲೆಯ ಮೇಲೆಲ್ಲ ಚುಕ್ಕಿಗಳೇ. ಮನೆಯಲ್ಲೂ ಹಿಂದಿಯಲ್ಲೇ ಮಾತಾಡುವ ಮಗಳು ಮೆಲ್ಲಗೆ ಕನ್ನಡದಲ್ಲಿ, “ಅಮ್ಮಾ, ಅಪ್ಪ ಇದನ್ನ ನೋಡಬೇಕಿತ್ತು” ಎಂದಳು.

ಮುದುಕರು ಹೇಳಿದಂತೆ ಒಂದೊಂದು ಚುಕ್ಕಿಗೂ ಒಳಗಿನಿಂದ ಪೊರಕೆ ಕಡ್ಡಿ ತೂರಿಸಿದೆವು. ಏಣಿಯ ಮೇಲಿದ್ದ ಅವರು ಕಡ್ಡಿ ಎದ್ದಲ್ಲೆಲ್ಲ, ದೋಣಿಯ ಬಿರುಕಿಗೆ ಮಾಡುವಂತೆ, ಡಾಂಬರಿನಲ್ಲಿ ಅದ್ದಿದ ಹತ್ತಿ ತುರುಕುತ್ತ, “ಇದೇನು ಛಾವಣಿಯೋ ಜರಡಿಯೋ!” ಎಂದು ನಗುತ್ತಿದ್ದರು.

ಒಂದೇ ಒಂದು ಚುಕ್ಕಿ ಉಳಿದಾಗ “ಸ್ವಲ್ಪ ತಡೀರಿ” ಎಂದು ಮುದುಕರಿಗೆ ಕೂಗಿ ಹೇಳಿ, ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಆಮೇಲೆ ಮಗಳೇ ಕಡ್ಡಿ ತೂರಿಸಿದಳು. ಮೊದಲ ಮಳೆಗೆ ಒಳಗೆ ಒಂದು ಹನಿಯೂ ಬೀಳಲಿಲ್ಲ. ಈಗ ನಾವಿಬ್ಬರೂ ಸೇರಿ ಅದರೊಳಗೆ ಮಂಚ ಕೂಡಿಸುತ್ತಿದ್ದೇವೆ.